ಒಣಗದ ಗೆರೆ

ಕಾಮೋಠೆಯ ನಮ್ಮ ಕಟ್ಟಡಕ್ಕೆ ಗ್ರಾನೈಟ್ ಮೆಟ್ಟಿಲು ಕೂರಿಸಲು ಬಂದ ಮೇಸ್ತ್ರಿ, ರಾಯಚೂರಿನ ಗುಡ್ಡಗಳಲ್ಲಿ ಕಟ್ಟಡದ ಕಲ್ಲು ಶೋಧಿಸುವವರ ಜೊತೆ ದುಡಿದವನು. ತೋಯಿಸದೆ ಯಾವ ಕಲ್ಲನ್ನೂ ಒಪ್ಪುತ್ತಿರಲಿಲ್ಲ. “ನೀರ್ ಹಾಕಿ ನೋಡ್ರಿ ಅಣ್ಣಾರ” ಎಂದು, ಅದು ಒಣಗುವವರೆಗೂ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಬಿರುಕಿದ್ದಲ್ಲಿ ನೀರು ಎಲ್ಲಕ್ಕಿಂತ ಕೊನೆಗೆ ಆರುತ್ತದೆ.

ಒಂದು ಕಲ್ಲಿನಲ್ಲಿ ಕೂದಲೆಳೆಯಷ್ಟು ಗೆರೆ ಒದ್ದೆಯಾಗಿಯೇ ಉಳಿಯಿತು. “ಪಾಲಿಶ್ ಮಾರ್ ದೇ, ಕೌನ್ ದೇಖ್ತಾ ಹೈ” ಎಂದ ಬಿಲ್ಡರನ ಸೂಪರ್‌ವೈಸರ್, ಪಾಲಿಶ್ ಹೊಡೆದರೆ ಯಾರು ನೋಡುತ್ತಾರೆ ಎಂಬಂತೆ.

“ಇದರ ಮ್ಯಾಲ ಮಂದಿ ಅಡ್ಡಾಡ್ತಾರ. ನಾ ಕೂಡ್ಸಂಗಿಲ್ಲ” ಎಂದು ಮೇಸ್ತ್ರಿ ನನ್ನ ಕಡೆ ನೋಡಿದ. ನಾನು ಕೊಂಡ ಫ್ಲ್ಯಾಟಿನ ಕೀಲಿ ಕೈಗೆ ಸಿಗುವುದು ತಡವಾದೀತೆಂದು ನಾನು ಬಾಯಿ ಬಿಡಲಿಲ್ಲ. ಅವನನ್ನು ಅವತ್ತೇ ಓಡಿಸಿ, ಆ ಕಲ್ಲನ್ನೇ ಕೂರಿಸಿದರು.

ಈಗ ದಿನವೂ ಮೆಟ್ಟಿಲು ಒರೆಸಿದ ಮೇಲೆ, ಮೂರನೆಯದರ ಗೆರೆ ಮಾತ್ರ ಒಣಗುವುದಿಲ್ಲ. ಸೊಸೈಟಿಯ ಸೆಕ್ರೆಟರಿ ಅದನ್ನು ಡಿಸೈನ್ ಎನ್ನುತ್ತಾರೆ. ನಾನು ನನ್ನ ಮನೆಯವರಿಗಷ್ಟೇ ಹೇಳಿದ್ದೇನೆ, ಅದನ್ನು ದಾಟಿ ಕಾಲಿಡಿ ಎಂದು.