ಈರುಳ್ಳಿ ಹೆಚ್ಚದ ಸೌಟಕ್ಕ

ನಮ್ಮ ಶಾಲೆಯ ಅಡುಗೆಯವಳು ಸೌಟಕ್ಕ ಇಪ್ಪತ್ತು ವರ್ಷಗಳಿಂದ ಒಂದೇ ಒಂದು ಈರುಳ್ಳಿಯನ್ನೂ ಹೆಚ್ಚಿರಲಿಲ್ಲ. ತಿನ್ನುತ್ತಿರಲಿಲ್ಲ ಎಂದಲ್ಲ, ತಟ್ಟೆಗೆ ಬಿದ್ದರೆ ಎರಡು ಪಾಲು ತಿನ್ನುತ್ತಿದ್ದಳು. ಹೆಚ್ಚುತ್ತಿರಲಿಲ್ಲ, ಅಷ್ಟೆ. ಇಂಥದ್ದನ್ನು ಲೋಕ ಸುಮ್ಮನೆ ಬಿಟ್ಟೀತೇ? ಭಗ್ನಪ್ರೇಮ ಎಂದರು ಟೀಚರುಗಳು. ಸಾಯುವಾಗ ಅಮ್ಮನಿಗೆ ಕೊಟ್ಟ ಮಾತು ಎಂದ ಗಂಟೆ ಹೊಡೆಯುವವನು. ಮಕ್ಕಳ ವಿದ್ಯೆಗಾಗಿ ತೊಟ್ಟ ಭೀಷಣ ಶಪಥ ಎಂಬ ಪಾಠಾಂತರವೇ ಕೊನೆಗೆ ಗೆದ್ದಿತು.

ಯಾಕೆಂದರೆ ಆ ಈರುಳ್ಳಿಯ ಭಾರವೆಲ್ಲ ಬಿದ್ದದ್ದು ಮಕ್ಕಳ ಮೇಲೆ. ದಿನಕ್ಕೊಂದು ತರಗತಿಯ ಹತ್ತು ಮಕ್ಕಳು ಮೊದಲ ಗಂಟೆಗೆ ಮುಂಚೆ ಅಡುಗೆಮನೆಯ ಬೆಂಚಿನ ಮುಂದೆ ಸಾಲಾಗಿ ನಿಲ್ಲಬೇಕು. ಹೊಸಬರಿಗೆ ಮೊಂಡು ಚಾಕು, ಬಾಳೆಹಣ್ಣು. ಅದರಲ್ಲಿ ಪಾಸಾದರೆ ಬೆಂದ ಆಲೂಗಡ್ಡೆ. ಈರುಳ್ಳಿ ಸಿಕ್ಕಿತೆಂದರೆ ಪದವಿ ಸಿಕ್ಕ ಹಾಗೆ.

"ಚಾಕು ಕೈಲಿದ್ರೆ ಬಾಯಿಗೆ ಬೀಗ. ಬೆರಳ ತುದಿ ಒಳಗೆ ಮಡಚು, ಬೆಕ್ಕಿನ ಪಂಜದ ಹಾಗೆ. ಉಪ್ಪು ಜಾಸ್ತಿ ಸುರಿದೋರೇ ಮೊದಲನೇ ತುತ್ತು ತಿನ್ನಬೇಕು, ಗೊತ್ತಾಯ್ತಾ?" ಇದು ಸೌಟಕ್ಕನ ದಿನನಿತ್ಯದ ಮಂತ್ರ.

ಒಂದು ದಿನ ಪಟಾಕಿ ಎಂಬ ಅಡ್ಡಹೆಸರಿನ ಹುಡುಗ ಬೆರಳು ಕೊಯ್ದುಕೊಂಡ. ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರು ಅವನ ಬೆರಳಿಗೆ ಕಟ್ಟಿದ್ದ ಬಟ್ಟೆಪಟ್ಟಿ ನೋಡಿದವರೇ ಅಡುಗೆಮನೆಯ ಬಾಗಿಲಿಗೆ ಮರದ ಫಲಕ ಜಡಿಸಿದರು: 'ಒಳಗೆ ಮಕ್ಕಳಿಗೆ ಪ್ರವೇಶವಿಲ್ಲ.'

ಸೌಟಕ್ಕ ಅದನ್ನು ಎರಡು ಸಲ ಓದಿದಳು. ಮರುದಿನ ಬೆಂಚನ್ನೇ ಹೊತ್ತು ಹೊರಗೆ ತಂದು ಹೆಡ್‌ಮಾಸ್ಟರ ಕಿಟಕಿಯ ಕೆಳಗೆ ಹಾಕಿದಳು. ಮಕ್ಕಳು ಅಲ್ಲೇ ಹೆಚ್ಚಿದ ಅರವತ್ತು ಈರುಳ್ಳಿಯ ಘಾಟು ಒಳಗೆ ನುಗ್ಗಿತು. ಹಾಜರಿ ಪುಸ್ತಕದ ಮೇಲೆ ಕಣ್ಣೀರು ಸುರಿಸುತ್ತ ಅವರು ಹೊರಗೆ ಬಂದರು.

"ಏನಮ್ಮಾ ಇದು?"

"ಒಳಗೆ ಬರಬಾರದು ಅಂದ್ರಿ. ಯಾರೂ ಬಂದಿಲ್ಲ ಸಾರ್."

"ನನಗೇ ತಮಾಷೆನಾ? ಇನ್ನೊಂದು ಸಲ ಮಗು ಕೈಲಿ ಚಾಕು ಕಂಡರೆ ನೀವು ಮನೆಗೆ ಹೋಗಬೇಕಾಗುತ್ತೆ!"

"ಹೋಗ್ತೀನಿ ಬಿಡಿ. ಆದ್ರೆ ಇವು ಅನ್ನ ಬೇಯಿಸೋಕೂ ಬರದೆ ದೊಡ್ಡವಾಗೋಕೆ ನಾನು ಒಪ್ಪಲ್ಲ. ಮಕ್ಕಳು ಬೇಡ ಅಂದ್ರೆ ಈರುಳ್ಳಿ ನೀವೇ ಹೆಚ್ಚಿ."

ಚಾಕುಗಳು ಹೆಡ್‌ಮಾಸ್ಟರ ಬೀರು ಸೇರಿದವು. ಮರುದಿನ ಮಧ್ಯಾಹ್ನ ನೂರೆಂಬತ್ತು ತಟ್ಟೆಗಳಿಗೆ ಈರುಳ್ಳಿಯಿಲ್ಲದ ಬೇಳೆ ಬಿತ್ತು. ಅರ್ಧಕ್ಕರ್ಧ ವಾಪಸು ಬಂತು. ಟೀಚರುಗಳೇ ಮುಖ ಕಿವಿಚಿದರು. ಸೌಟಕ್ಕ ಮಾತ್ರ ಸೊಂಟಕ್ಕೆ ಕೈಯಿಟ್ಟು ಕೋಟೆ ಕಾಯುವವಳಂತೆ ನಿಂತಿದ್ದಳು. ಮನೆಯಲ್ಲಿ ಮೂರು ಹೊಟ್ಟೆ ಅವಳ ಸಂಬಳವನ್ನೇ ನಂಬಿದ್ದವು.

ಅದರ ಮಾರನೆಯ ಬೆಳಗ್ಗೆ ಹೆಡ್‌ಮಾಸ್ಟರು ಬೀರುವಿನಿಂದ ಒಂದು ಚಾಕು ತೆಗೆದು, ಅಂಗಿಯ ತೋಳು ಮಡಚಿ ಅಡುಗೆಮನೆಯ ರಣರಂಗಕ್ಕೆ ಇಳಿದರು. ಮೊದಲ ಈರುಳ್ಳಿ ಉರುಳಿ ಒಲೆಯ ಕೆಳಗೆ ಅಡಗಿತು. ಎರಡನೆಯದು ಅವರ ಹೆಬ್ಬೆರಳಿನ ಜೊತೆ ಯುದ್ಧ ಹೂಡಿ ರಕ್ತ ಕಂಡಿತು. ಬಾಗಿಲಾಚೆ ಇಣುಕುತ್ತಿದ್ದ ಎಂಟು ವರ್ಷದ ಹುಡುಗಿಗೆ ತಡೆಯಲಾಗಲಿಲ್ಲ.

"ಸಾರ್, ಮೊದಲು ಎರಡು ಹೋಳು ಮಾಡಿ. ಚಪ್ಪಟೆ ಕಡೆ ಕೆಳಗಿಡಿ, ಆಗ ಉರುಳಲ್ಲ. ಬೆರಳು ಬೆಕ್ಕಿನ ಪಂಜದ ಹಾಗೆ..."

ಅವಳ ಹಿಂದಿನಿಂದ ಪಟಾಕಿ ತಲೆ ಹಾಕಿದ. "ನಾನು ಹಾಗೆ ಮಾಡಲಿಲ್ಲ ಸಾರ್. ಕಣ್ಣು ಮುಚ್ಚಿ ಹೆಚ್ತೀನಿ ಅಂತ ಪಂಥ ಕಟ್ಟಿದ್ದೆ. ಸೌಟಕ್ಕ ಎರಡು ಬೈದು ಆಲೂಗಡ್ಡೆಗೆ ಇಳಿಸಿಬಿಟ್ರು."

ಹೆಡ್‌ಮಾಸ್ಟರು ಚೀಪುತ್ತಿದ್ದ ಹೆಬ್ಬೆರಳನ್ನು ಬಾಯಿಂದ ತೆಗೆದರು.

"ಹಾಗಾದ್ರೆ ನಾನು?"

"ಬಾಳೆಹಣ್ಣು ಸಾರ್," ಅಂದಳು ಸೌಟಕ್ಕ.

ಅವರು ಬೀರುವಿನ ಬೀಗದ ಕೈಯನ್ನು ಬೆಂಚಿನ ಮೇಲಿಟ್ಟರು. ಫಲಕ ಬಾಗಿಲಿನಿಂದ ಕೆಳಗಿಳಿಯಿತು. ಬರಹವಿಲ್ಲದ ಅದರ ಹಿಂಬದಿಯನ್ನು ಉಜ್ಜಿ ತೊಳೆದು ತರಕಾರಿ ಹೆಚ್ಚುವ ಹಲಗೆ ಮಾಡಿಕೊಂಡರು.

ವರ್ಷದ ಕೊನೆಯ ಸಭೆಯಲ್ಲಿ ಹೆಡ್‌ಮಾಸ್ಟರು, ಈಗ ಆಲೂಗಡ್ಡೆಯವರೆಗೆ ಬಡ್ತಿ ಪಡೆದವರು, ಕೈ ಜೋಡಿಸಿ ಮಾತಾಡಿದರು: ಮಕ್ಕಳು ಕಲಿಯಲೆಂದೇ ಇಪ್ಪತ್ತು ವರ್ಷ ಈರುಳ್ಳಿ ಹೆಚ್ಚದೆ ಉಳಿದ ಮಹಾತಾಯಿ, ಆ ಶಪಥದ ಗುಟ್ಟನ್ನು ಇಂದಾದರೂ ಹೇಳಬೇಕು. ಚಪ್ಪಾಳೆಯ ನಡುವೆ ಸೌಟಕ್ಕನನ್ನು ಮೈಕಿನ ಮುಂದೆ ತಳ್ಳಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಶಪಥ ಗಿಪಥ ಏನೂ ಇಲ್ಲಪ್ಪ. ಹೆಚ್ಚಿದ್ರೆ ನಂಗೆ ಕಣ್ಣುರಿ."