ಅಕ್ಕನಿಗೆ ಗೊತ್ತಾಗಬೇಕಿತ್ತು

ಮದುಮಗಳ ರವಿಕೆಗೆ ಅಕ್ಕ ಎಡಗೈಯ ತೋಳನ್ನೇ ಎರಡು ಸಲ ಕತ್ತರಿಸಿದ್ದಳು.

ಮೂಡುಬಿದಿರೆಯ ಅವಳ ಹೊಲಿಗೆ ಕ್ಲಾಸಿಗೆ ಬೆಳ್ತಂಗಡಿಯಿಂದಲೂ ಹುಡುಗಿಯರು ಬಸ್ಸಿನಲ್ಲಿ ಬರುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಹೊಲಿದೇ ನನ್ನನ್ನು ಓದಿಸಿ ಟೀಚರ್ ಮಾಡಿದವಳು ಅವಳು. ಬಟ್ಟೆ ಹಾಳಾಯಿತಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದರಲ್ಲಿ ತಪ್ಪೆಂತ ಉಂಟು, ಸುಗಂಧಿ?"

ತಪ್ಪು ಅವಳಿಗೆ ಕಾಣುತ್ತಲೇ ಇರಲಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಅಕ್ಕಿ ಡಬ್ಬಿಯಲ್ಲಿ ಕತ್ತರಿ ಸಿಕ್ಕಿತು. ಅಷ್ಟರಲ್ಲಿ ಯಾರೋ ಕದ್ದಿದ್ದಾರೆಂದು ಹುಡುಗಿಯರ ಮೇಲೆ ರೇಗಿಯಾಗಿತ್ತು. ಅವಳನ್ನು ವೇಣೂರಿನ ನನ್ನ ಮನೆಗೆ ಕರೆತಂದೆ. ಬಂಟ್ವಾಳದಲ್ಲಿರುವ ನಮ್ಮಣ್ಣ, ಅಕ್ಕನಿಗೆ ತಮ್ಮ, ಬಂದು ನೋಡಿ, "ಒಂಟಿ ಹೆಂಗಸು, ಮನಸ್ಸಿಗೆ ತೆಗೊಂಡಿದ್ದಾಳೆ. ಸ್ವಲ್ಪ ಗಟ್ಟಿಯಾಗಬೇಕು" ಎಂದ. ಮೊದಲ ಡಾಕ್ಟರೂ ಡಿಪ್ರೆಶನ್ ಎಂದರು. ಮಾತ್ರೆ ನುಂಗಿ ಅಕ್ಕ ದಿನವಿಡೀ ಮಲಗಿದಳು. ಎದ್ದಾಗ ಮರೆವು ಇದ್ದ ಹಾಗೇ ಇತ್ತು.

ಮಂಗಳೂರಿನ ನ್ಯೂರಾಲಜಿಸ್ಟ್ ಸ್ಕ್ಯಾನ್ ನೋಡಿ, ಇದರಲ್ಲಿ ಖಚಿತವಾಗುವುದಿಲ್ಲ ಎಂದರು. ಆಗಷ್ಟೇ ಬಂದಿದ್ದ ಒಂದು ಟೆಸ್ಟಿನ ವಿಷಯ ಹೇಳಿದರು. ಟಾವ್ ಎಂಬ ಪ್ರೋಟೀನ್ ಎಲ್ಲರ ಮೆದುಳಿನಲ್ಲೂ ಇರುತ್ತದಂತೆ. ನರಕೋಶಗಳು ಹಾಳಾಗುತ್ತಿದ್ದರೆ ಬೆನ್ನುಮೂಳೆಯ ನೀರಿನಲ್ಲಿ ಅದು ಹೆಚ್ಚಾಗುತ್ತದಂತೆ. ಅದನ್ನು ಹಿಡಿಯಲು ಲ್ಯಾಬಿನಲ್ಲಿ ಆಂಟಿಬಾಡಿ ತಯಾರಿಸಿಟ್ಟಿರುತ್ತಾರೆ.

"ಬಸ್‌ಸ್ಟ್ಯಾಂಡಿನ ಗುಂಪಿನಲ್ಲಿ ತಾಯಿ ತನ್ನ ಮಗುವಿನ ಕೈಯನ್ನು ಮಾತ್ರ ಹಿಡಿಯುವುದಿಲ್ಲವಾ? ಹಾಗೆ," ಎಂದರು ಡಾಕ್ಟರು. "ಅಷ್ಟು ಪ್ರೋಟೀನುಗಳ ನಡುವೆ ಅದು ಇದನ್ನೊಂದನ್ನೇ ಹಿಡಿಯುತ್ತದೆ."

"ಹಿಡಿದ ಮೇಲೆ ತೆಗೆದುಬಿಡ್ತದಾ?" ಅಕ್ಕ ಕೇಳಿದಳು.

"ಇಲ್ಲಮ್ಮ. ಎಷ್ಟುಂಟು ಅಂತ ಗೊತ್ತಾಗ್ತದೆ, ಅಷ್ಟೆ. ಅದೊಂದರಿಂದಲೇ ಎಲ್ಲ ಹೇಳ್ಲಿಕ್ಕೂ ಆಗುವುದಿಲ್ಲ."

ಮದ್ದಿಲ್ಲದ ಕಾಯಿಲೆಗೆ ಬೆನ್ನಿಗೆ ಸೂಜಿ ಯಾಕೆ ಎಂದ ಜೊತೆಗೆ ಬಂದಿದ್ದ ಅಣ್ಣ. ನನಗೂ ಹೌದೆನ್ನಿಸಿತು. ಮನೆಗೆ ಹೋಗುವ ಎಂದೆ. ಅಕ್ಕ ವರಾಂಡದ ಬೆಂಚಿನಿಂದ ಏಳಲಿಲ್ಲ.

"ನನ್ನ ತಲೆಯೊಳಗೆ ಎಂತ ಆಗ್ತಾ ಉಂಟು ಅಂತ ನನಗೆ ಗೊತ್ತಾಗಬೇಕು. ಎಲ್ಲರೂ ಗಟ್ಟಿಯಾಗು ಅಂತಾರೆ. ಇನ್ನೆಷ್ಟು ಗಟ್ಟಿಯಾಗ್ಲಿ ಮಾರಾಯ್ತಿ?"

ಬೆನ್ನಿನ ನೀರು ತೆಗೆಯುವ ಲಂಬಾರ್ ಪಂಕ್ಚರ್‌ಗೆ ಮಗುವಿನಂತೆ ಮೊಣಕಾಲು ಮಡಚಿಕೊಂಡು ಮಲಗಿದಳು. ನನ್ನ ಬೆರಳು ನೋಯುವಷ್ಟು ಹಿಡಿದಿದ್ದಳು. ತಿಳಿನೀರಿನಂಥ ಹನಿಗಳು ಟ್ಯೂಬಿಗೆ ಬಿದ್ದವು. ಅವಳ ಅಷ್ಟು ವರ್ಷಗಳ ಬದುಕಿಗೆ ಆಗುತ್ತಿರುವುದೇನೆಂದು ಆ ಹನಿಗಳು ಹೇಳಬೇಕಿತ್ತು. ಮಂಜುಗಡ್ಡೆಯಲ್ಲಿಟ್ಟು ದೂರದ ಊರಿನ ಲ್ಯಾಬಿಗೆ ಕಳಿಸಿದರು.

ರಿಪೋರ್ಟ್ ಬಂತೇ ಎಂದು ವೇಣೂರು ಪೇಟೆಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತಿದ್ದೆ. ಒಂದು ಸಂಜೆ ಡಾಕ್ಟರೇ ಮಾತಾಡಿದರು.

ಟಾವ್ ಜಾಸ್ತಿ ಇದೆ. ಉಳಿದ ಲಕ್ಷಣಗಳನ್ನೂ ಸೇರಿಸಿದರೆ ಆಲ್‌ಝೈಮರ್ಸ್ ಎಂದೇ ತಿಳಿಯಬೇಕು.

ಮನೆಗೆ ಬಂದಾಗ ಅಕ್ಕ ಜಗಲಿಯಲ್ಲಿ ಕೂತಿದ್ದಳು. ನನ್ನ ಮುಖ ನೋಡಿ ಅವಳೇ ಕೇಳಿದಳು. "ಸಿಕ್ಕಿತಾ?"

"ಸಿಕ್ಕಿತು."

ಮಡಿಲಲ್ಲಿದ್ದ ಸೆರಗಿನ ಅಂಚನ್ನು ನೀವಿ ಸರಿಮಾಡಿದಳು. ಆಮೇಲೆ ನಿಧಾನವಾಗಿ, "ಹಾಗಾದರೆ ಇದು ನಾನು ಗಟ್ಟಿಯಿಲ್ಲದ್ದಕ್ಕೆ ಆದದ್ದಲ್ಲ," ಎಂದಳು. "ನಿನ್ನ ಅಣ್ಣನಿಗೂ ಹೇಳು."

ಅಣ್ಣ ಬಂದ. ಅವಳ ಪಕ್ಕ ಕೂತು ಕಣ್ಣೊರೆಸಿಕೊಂಡ. "ಚಾ ತಣ್ಣಗಾಗ್ತದೆ, ಕುಡಿ," ಎಂದಳು ಅಕ್ಕ. ಅದಾದ ಮೇಲೆ ಅವನು ಗಟ್ಟಿಯಾಗು ಎಂದದ್ದು ನಾನು ಕೇಳಿಲ್ಲ. ಪ್ರತಿ ಭಾನುವಾರ ಬರುತ್ತಾನೆ.

ಮುಂದಿನ ವಾರ ಅವಳನ್ನು ಮೂಡುಬಿದಿರೆಯ ಹೊಲಿಗೆ ಕ್ಲಾಸಿಗೆ ಕರೆದುಕೊಂಡು ಹೋದೆ. ಹುಡುಗಿಯರನ್ನೆಲ್ಲ ಹತ್ತಿರ ಕೂರಿಸಿಕೊಂಡು ತಾನೇ ಹೇಳಿದಳು. "ನನಗೆ ಮರೆವಿನ ಕಾಯಿಲೆಯಂತೆ. ಹುಚ್ಚಲ್ಲ. ನಿಮ್ಮನ್ನು ಕಳ್ಳಿಯರು ಅಂದದ್ದು ಕಾಯಿಲೆ. ಇನ್ನು ನಾನು ಬಟ್ಟೆ ಮೇಲೆ ಗೀಟು ಹಾಕಿದ್ದನ್ನು ನೀವು ಅಳತೆ ಮಾಡಿ ನೋಡಿ, ಆಮೇಲೆ ಕತ್ತರಿಸಿ." ಹಾಗೆ ಆ ಕ್ಲಾಸು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ನಡೆಯಿತು. ಟೆಸ್ಟು ಅವಳ ಕಾಯಿಲೆಯನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ, ನಿಜ. ಆದರೆ ತಲೆ ತಗ್ಗಿಸದೆ ಕೆಲಸ ಬಿಡುವುದಕ್ಕೆ ಅವಳಿಗೆ ಸಮಯ ಕೊಟ್ಟಿತು.

ಈಗ ನನ್ನ ಹೆಸರು ಅವಳಿಗೆ ಗೊತ್ತಿಲ್ಲ. ಆದರೆ ಬೆಳಿಗ್ಗೆ, ನಾನು ಚಿಕ್ಕವಳಿದ್ದಾಗಿನ ಹಾಗೆ, ನನ್ನನ್ನು ನೆಲದಲ್ಲಿ ಕೂರಿಸಿ, ಎಣ್ಣೆ ಹಚ್ಚಿ, ಅರ್ಧ ನರೆತ ಕೂದಲಿಗೆ ಎರಡು ಜಡೆ ಹೆಣೆಯುತ್ತಾಳೆ. ಅಲುಗಾಡಿದರೆ ತಲೆಗೆ ಮೊಟಕುತ್ತಾಳೆ. ಶಾಲೆಗೆ ಹೊರಡುವ ಮುಂಚೆ ಬಿಚ್ಚಿ ತುರುಬು ಕಟ್ಟುತ್ತಿದ್ದೆ.

ಮೊನ್ನೆ ಬಿಚ್ಚಲಿಲ್ಲ. ಬಸ್ಸಿನಲ್ಲಿ ಜೊತೆಯ ಟೀಚರ್ ಬೆರಗಾಗಿ ನೋಡಿದರು.

"ಇದೆಂತ ಟೀಚರ್, ಎರಡು ಜಡೆ?"

"ಮನೆಯಲ್ಲಿ ಅಕ್ಕ ಇದ್ದಾಳಲ್ಲ," ಎಂದೆ.