ಗಡಿಯಾರದ ಮೊಳೆಗೆ ಹ್ಯಾಮರ್ ಡ್ರಿಲ್

"ನೋಡಿದೇನ? ಬೆಣ್ಣಿ ಕೊರದಂಗ ಕೊರೀತು!" ಡ್ರಿಲ್ ಹಿಡಿದ ನನ್ನ ಯಜಮಾನರು ಬೀಗಿದರು. ತೂತು ಕೊರೆಯಲು ಸಣ್ಣ ಬಿಟ್ ಸಾಕೆಂದು ಶಹಾಪುರದ ಅಂಗಡಿಯವನು ಹೇಳಿದರೂ ಕೇಳದೆ, ಗಡಿಯಾರ ತೂಗುಹಾಕಲು ಮೊಳದುದ್ದದ ಬಿಟ್ ತಂದಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಶರಣಮ್ಮ ಹಣೆಯ ವಿಭೂತಿಯ ಮೇಲೆಲ್ಲ ಮಣ್ಣು ಮೆತ್ತಿಕೊಂಡು ಬಾಗಿಲಿಗೆ ಬಂದರು. ಎರಡೂ ಮನೆಗೆ ಇರುವುದು ಮಣ್ಣಿನಲ್ಲಿ ಕಟ್ಟಿದ ಒಂದೇ ಕಲ್ಲುಗೋಡೆ. ಆ ಬದಿಯಲ್ಲಿ ಗೋಡೆಯೊಳಗೇ ಗೂಡಿನಂತೆ ಅವರು ದೇವರನ್ನಿಟ್ಟ ಮಾಡವಿರುವುದು ಇವರಿಗೆ ಹೊಳೆದೇ ಇರಲಿಲ್ಲ.

"ಪೂಜಾ ಮಾಡಾಕತ್ತಿದ್ದೆ. ದೇವರ ಹಿಂದಿಂದ ನಿಮ್ಮ ಬಿಟ್ ತಿರುಗಿಕೋತ ಬಂತು. ಕೈ ಮುಗೀಬೇಕೋ, ಓಡಬೇಕೋ ತಿಳೀಲಿಲ್ರಿ!" ಎಂದರು.

ತೂತು ಮುಚ್ಚುತ್ತೇನೆಂದು ಯಜಮಾನರು ಹೇಳಿ ತಿಂಗಳಾಯಿತು. ಈಗ ನಮ್ಮಿಬ್ಬರ ಜಗಳ ಶುರುವಾದರೆ ಗೋಡೆಯಾಚೆಯಿಂದ ಶರಣಮ್ಮನ ದನಿ ಬರುತ್ತದೆ: "ಜರಾ ಜೋರ್ಲೆ ಮಾತಾಡ್ರಿ, ಅರ್ಧಾನ ಕೇಳಾಕತ್ತದ!"